ಕೂಗು ನಿಂತ ವರ್ಷ

ಹೊಳೆಹೊನ್ನೂರಿಂದ ಭದ್ರಾವತಿಗೆ ಸೊಸೆಯಾಗಿ ಬಂದಾಗ
ನನಗೆ ಹತ್ತೊಂಬತ್ತು.
ಅತ್ತೆ ಮೊದಲು ತೋರಿಸಿದ್ದು ದೇವರ ಗೂಡಲ್ಲ,
ನೀರಿನ ಕೊಳಾಯಿಯಲ್ಲ,
ಗಾಳಿಯ ಕಡೆ ಬೆರಳೆತ್ತಿ, ಕಾರ್ಖಾನೆಯ ಸೈರನ್ನು:
"ಐದಕ್ಕೆ ಕೂಗುತ್ತೆ, ಒಲೆ ಹಚ್ಚು.
ಆರಕ್ಕೆ ಕೂಗುತ್ತೆ, ಹಾಲೇಶ ಗೇಟಿನೊಳಗಿರಬೇಕು.
ಎರಡರದು ಕೂಗಿದ ಮೇಲೆ ನಮ್ಮ ಊಟ.
ಹತ್ತರದು ಕೇಳಿಸಿಕೊಳ್ಳಬೇಡ, ನಿದ್ದೆ ಮಾಡು."
ಮದುವೆಗೆ ಬಂದ ಗಡಿಯಾರವೊಂದು ಗೋಡೆಯಲ್ಲಿತ್ತು,
ಕೀಲಿ ಕೊಡುವವರಿರಲಿಲ್ಲ.

ಮೂವತ್ತೊಂದು ವರ್ಷ. ದೂರಲಾರೆ.
ಹೊತ್ತಿಗೆ ಸರಿಯಾಗಿ ಸೊರೆಬಿಡುವ ಹಸುವಿನ ಹಾಗೆ
ಮೈ ಒಗ್ಗಿತು.
ಮಗಳು ಹುಟ್ಟಿದ್ದೂ ಎರಡು ಗಂಟೆಯ ಕೂಗಿನ ನಡುವೆಯೇ,
ನಾನು ಕಿರುಚಿದ್ದು ನನಗೇ ಕೇಳಲಿಲ್ಲ.
ನರ್ಸಮ್ಮ ವಾಚು ನೋಡದೆ ವೇಳೆ ಬರೆದುಕೊಂಡಳು.
ಜಾತಕ ಬರೆದ ಅಯ್ನೋರು ಖುಷಿಪಟ್ಟರು,
ಇಷ್ಟು ಕರಾರುವಾಕ್ಕು ಯಾರೂ ತರುವುದಿಲ್ಲ ತಾಯಿ.

ಆಮೇಲೊಂದು ಸೋಮವಾರ ಕೂಗಲಿಲ್ಲ.
ತಿಂಗಳಿಂದ ಮಾತಿತ್ತು: ಆರ್ಡರಿಲ್ಲ, ಬಾಕಿ, ಸಂಘದ ಧರಣಿ.
ಹೆಂಗಸರು ನಾವು ಸಂಬಳದ ಲೆಕ್ಕ ಹಾಕಿದ್ದೆವು,
ಕೂಗಿನ ಲೆಕ್ಕ ಯಾರೂ ಹಾಕಿರಲಿಲ್ಲ.
ಹಾಲು ಉಕ್ಕಿತು.
ಮನೆಯವರು ಖಾಕಿ ಅಂಗಿ ತೊಟ್ಟು ಕುರ್ಚಿಯ ತುದಿಗೆ ಕೂತು
ಬೂಟಿನ ಲೇಸು ಕಟ್ಟಿದರು, ಬಿಚ್ಚಿದರು, ಕಟ್ಟಿದರು.
ಒಂದು ಲೋಟ ನೀರು ಕೊಟ್ಟೆ,
ಬೇರೇನು ಕೊಡಬೇಕೆಂದು ತಿಳಿಯಲಿಲ್ಲ.
ಆ ವಾರ ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ
ಎಲ್ಲರ ಅನ್ನವೂ ಮುದ್ದೆ.

ಮೊದಲು ಪತ್ತೆಯಾದದ್ದು ಹಸಿವು.
ನನ್ನದು ಎರಡು ಗಂಟೆಯದಲ್ಲ!
ಗಡಿಯಾರಕ್ಕೆ ಕೀಲಿ ಕೊಟ್ಟು ಮೂರು ದಿನ ತಾಳೆ ನೋಡಿದೆ:
ಹನ್ನೊಂದೂಕಾಲು, ಹೊಟ್ಟೆಯ ಎಡಬದಿಗೆ,
ಬೆಕ್ಕು ಬಾಗಿಲು ಕೆರೆದ ಹಾಗೆ.
ಇಷ್ಟು ವರ್ಷವೂ ಬಂದು ಕೆರೆದು ಹೋಗಿದೆ,
ನಾನದಕ್ಕೆ ಗ್ಯಾಸ್ಟ್ರಿಕ್ ಅಂತ ಹೆಸರಿಟ್ಟು
ಗುಳಿಗೆ ನುಂಗಿದ್ದೇನೆ.

ನಾಲ್ಕನೇ ದಿನ ಅವಲಕ್ಕಿಗೆ ಮೊಸರು ಕಲಸಿ
ಅಪ್ಪೆಮಿಡಿ ಕಚ್ಚಿಕೊಂಡು
ಯಾರೂ ಉಣ್ಣುವ ಮೊದಲೇ, ನಡುಮನೆಯಲ್ಲಿ ಕೂತು ತಿಂದೆ.
ಕೈ ನಡುಗಿತು, ಕದ್ದವಳ ಹಾಗೆ.
ಅತ್ತೆ ನೋಡುತ್ತಿದ್ದರು. ಎಂಬತ್ತೊಂದು,
ಕಿವಿ ಮಂದ, ಕಣ್ಣಲ್ಲ.
ಬೈಗುಳಕ್ಕೆ ಬೆನ್ನು ಒಡ್ಡಿದೆ.
"ನಂಗೂ ಇಷ್ಟೊತ್ತಿಗೇ ಆಗ್ತಿತ್ತು ಕಣೇ," ಅಂದರು.
ಬಹಳ ಹೊತ್ತು ಬಿಟ್ಟು,
"ನಂದಕ್ಕೆ ಸಕ್ಕರೆ ಹಾಕು."

ಹೀಗೆ ಒಂದೊಂದೇ.
ಚಹಾ ನನಗೆ ಸೇರುವುದಿಲ್ಲ, ಐವತ್ತಕ್ಕೆ ತಿಳಿಯಿತು.
ರಾತ್ರಿ ಹನ್ನೆರಡಕ್ಕೆ ನನ್ನ ತಲೆ ಚುರುಕು.
ನಿದ್ದೆ ಬಾರದೊಂದು ರಾತ್ರಿ ಮನೆಯವರ ಗ್ರಾಚ್ಯುಟಿ ಕಾಗದ ಬಿಡಿಸಿ
ಕ್ಯಾಲೆಂಡರಿನ ಬೆನ್ನಿಗೆ ಗುಣಿಸಿ ನೋಡಿದೆ:
ನಾಲ್ಕು ಸಾವಿರದ ಇನ್ನೂರು ಕಮ್ಮಿ ಕಟ್ಟಿದ್ದರು.
ಮತ್ತೆ ಗುಣಿಸಿದೆ. ತಪ್ಪು ಅವರದೇ.
ಎದುರುಮನೆ ಸೆಲ್ವಿ ತನ್ನ ಗಂಡನದು ತಂದಳು,
ಆಮೇಲೆ ಶಹನಾಜ್‌ಬಿ, ಆಮೇಲೆ ಶಹನಾಜ್‌ಬಿಯ ನಾದಿನಿ.
ಈಗ ಗುರುವಾರ ಸಂಜೆ ನಮ್ಮ ಜಗಲಿ ತುಂಬ
ಪ್ಲಾಸ್ಟಿಕ್ ಚೀಲ ಹಿಡಿದ ಹೆಂಗಸರು,
ಪಿಸುಮಾತಿನಲ್ಲಿ ಶುರುವಾಗಿ ಜೋರಾಗುವವರು.

ಸಿಹಿಯಲ್ಲದ್ದೂ ಸಿಕ್ಕಿದೆ.
ಪಾಳಿಗಳ ನಡುವೆ ನಾನೂ ಅವರೂ ಆಡಿದ ಮಾತು
ಕೂಡಿಸಿದರೆ ಹದಿನೈದು ದಿನವೂ ಆಗದು.
ಈಗ ದಿನವಿಡೀ ಎದುರಿಗಿದ್ದಾರೆ,
ಮಾತು ಬೇಗ ಮುಗಿಯುತ್ತದೆ.
ಕೆಲವು ಸಂಜೆ ನನಗೆ ಆ ಕೂಗೇ ಬೇಕು.
ಮತ್ತೆ ಇದು, ಯಾರಿಗೂ ಹೇಳದ್ದು:
ಅವರ ಅನ್ನ ಹೋದ ಮನೆಯಲ್ಲಿ
ನಾನು ನನ್ನ ಹಸಿವು ಹುಡುಕಿಕೊಂಡೆ.
ಯಾವ ಕಾಲಮ್ಮಿಗೆ ಬರೆಯಲಿ ಇದನ್ನು,
ಜಮೆಗೋ, ಖರ್ಚಿಗೋ?

ಮೊನ್ನೆ ಶಹನಾಜ್‌ಬಿ ಕಾಗದ ಮರೆತು ಹೊರಟಿದ್ದಳು,
ಆಗಲೇ ತಿರುವಿನ ಹೊಂಗೆಮರ ದಾಟಿ.
ಜಗಲಿಯ ತುದಿಗೆ ನಿಂತು ಗಂಟಲು ಬಿಟ್ಟು ಕರೆದೆ,
ಸಾಲಿನ ಅಷ್ಟೂ ಕಿಟಕಿಗೆ ಕೇಳುವ ಹಾಗೆ.
ಇಷ್ಟು ಒರಟೇ ನನ್ನ ದನಿ!
ಒಳಗಿಂದ ಅತ್ತೆ:
"ಕೂಗ್ತು ನೋಡೇ, ಒಲೆ ಹಚ್ಚು."
ಹೂಂ ಅತ್ತೆ, ಕೂಗ್ತು, ಅಂದೆ.
ಒಲೆ ಹಚ್ಚಲಿಲ್ಲ.
ಶಹನಾಜ್‌ಬಿ ತಿರುಗಿ ಬರುತ್ತಿದ್ದಳು.